ಎಲ್ಲ ಮರೆತ ಕಾರು

ಕಾರಿನ ಎಂಜಿನ್ ಕಂಪ್ಯೂಟರು ಒಂದು ಚಾಡಿಕೋರ ಎಂದು ಲೆವೊನ್ ಬಹಳ ಕಾಲ ನಂಬಿದ್ದ. ಬಾಯಿ ಮುಚ್ಚಿಸಿದರೆ ಚಾಡಿಯೂ ಇಲ್ಲ, ತಪ್ಪೂ ಇಲ್ಲ ಎಂಬುದು ಅವನ ಸಿದ್ಧಾಂತ. (ಫ್ರೆಸ್ನೋ ಊರಿನಲ್ಲಿ ವಿಮೆ ಮಾರಿಯೇ ಕೂದಲು ನರೆತವನಿಗೆ ಸಿದ್ಧಾಂತಗಳಿಗೇನು ಬರ?) ಆದ್ದರಿಂದ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಾಗ ಅದರ ಮೇಲೆ ಕರಿ ಟೇಪು ಅಂಟಿಸಿ ಹಾಯಾಗಿದ್ದ.

"ಲೆವೊನ್ ಜಾನ್, ಪೆಟ್ರೋಲ್ ಮುಚ್ಚಳ ಸರಿಯಾಗಿ ತಿರುಗಿಸ್ದೆಯಾ?" ಎಂದು ಹೆಂಡತಿ ಅರಾಕ್ಸಿ ಆಗಲೇ ಕೇಳಿದ್ದಳು. (ಅವರ ಭಾಷೆಯಲ್ಲಿ 'ಜಾನ್' ಎಂದರೆ ಪ್ರಿಯ.)

"ಎಂಜಿನ್ ದೀಪಕ್ಕೂ ಮುಚ್ಚಳಕ್ಕೂ ಎತ್ತಣ ಸಂಬಂಧ? ಇದೇನು ನಿನ್ನ ಉಪ್ಪಿನಕಾಯಿ ಜಾಡಿನಾ?"

ಅಷ್ಟರಲ್ಲಿ ಲಾಸ್ ಏಂಜಲೀಸ್ ಕಡೆಯಿಂದ ಅರಾಕ್ಸಿಯ ಅಕ್ಕ ಶೂಶಾನಳ ಫೋನು ಬಂತು: ಭಾನುವಾರ ಮೊಮ್ಮಗುವಿನ ದೀಕ್ಷಾಸ್ನಾನ. ಅಕ್ಕತಂಗಿಯರು ಮಾತು ಬಿಟ್ಟು ಎರಡು ವರ್ಷವಾಗಿತ್ತು. (ಶೂಶಾನಳ ಪಿಲಾಫು, ಅಂದರೆ ಅವರ ಪಲಾವು, ಮುದ್ದೆಯಾಗಿದೆ ಎಂದು ನೆಂಟರೆದುರು ತೀರ್ಪು ಕೊಟ್ಟ ನ್ಯಾಯಾಧೀಶ ಯಾರು ಎಂಬುದನ್ನು ಇಲ್ಲಿ ಕೆದಕುವುದು ಬೇಡ.) ಅರಾಕ್ಸಿ ಅತ್ತುಬಿಟ್ಟಳು, ಆಮೇಲೆ ಕೂತು ಮಗುವಿಗೆ ಬಿಳಿ ಅಂಗಿ ಹೊಲಿದಳು.

ತೊಡಕು ಒಂದೇ. ಕಾರಿನ ನೋಂದಣಿ ಶನಿವಾರಕ್ಕೆ ಮುಗಿಯುತ್ತಿತ್ತು. ಹೊಗೆ ತಪಾಸಣೆಯಲ್ಲಿ ಪಾಸಾಗದೆ ಅದು ನವೀಕರಣವಾಗದು, ಆಗದೆ ಆ ಕಾರಿನಲ್ಲಿ ಅಷ್ಟು ದೂರ ಹೋಗುವಂತಿಲ್ಲ. ದೀಪ ಉರಿಯುವ ಕಾರು ಪಾಸಾಗದು. ಲೆವೊನನ ತಲೆಯಲ್ಲೂ ಒಂದು ದೀಪ ಹೊತ್ತಿಕೊಂಡಿತು. ಶುಕ್ರವಾರ ಬೆಳಿಗ್ಗೆ ಬ್ಯಾಟರಿಯ ತಂತಿ ಬಿಚ್ಚಿ, ಒಂದು ಕಾಫಿ ಕುಡಿದು, ಮತ್ತೆ ಜೋಡಿಸಿದ. ಟೇಪು ಕಿತ್ತರೆ ದೀಪ ಮಾಯ!

"ರಿಪೇರಿ ಆಯ್ತು," ಎಂದು ಘೋಷಿಸಿದ.

"ಕಾರಿನ ಗಡಿಯಾರ ಯಾಕೆ ಹನ್ನೆರಡು ತೋರಿಸ್ತಿದೆ?" ಎಂದಳು ಅರಾಕ್ಸಿ.

ತಪಾಸಣೆ ಕೇಂದ್ರದ ರೀಗೋ ಕಾರಿಗೆ ತನ್ನ ಯಂತ್ರದ ತಂತಿ ಸಿಕ್ಕಿಸಿ ನೋಡಿದ. "ದೀಪ ಇಲ್ಲ ಸಾರ್. ಆದ್ರೆ ಕಂಪ್ಯೂಟರಿಗೆ ನೆನಪೂ ಇಲ್ಲ. ಬ್ಯಾಟರಿ ಬಿಚ್ಚಿದ್ರಾ?"

"ಧೂಳು ಒರೆಸೋಕೆ," ಎಂದ ಲೆವೊನ್.

"ಎಲ್ಲರೂ ಧೂಳೇ ಒರೆಸ್ತಾರೆ. ಈಗ ಇದು ಒಂದೊಂದೇ ಭಾಗಾನ ಮೊದಲಿಂದ ಪರೀಕ್ಷೆ ಮಾಡ್ಕೋಬೇಕು. ರಾತ್ರಿಯೆಲ್ಲಾ ತಣ್ಣಗೆ ನಿಲ್ಲಿಸಿ, ಊರೊಳಗೆ ಓಡಿಸಿ, ಹೆದ್ದಾರೀಲಿ ಒಂದೇ ವೇಗದಲ್ಲಿ ಓಡಿಸಿ. ಕೆಲವು ದಿನ ಹಿಡಿಯುತ್ತೆ. ಅಲ್ಲಿವರೆಗೆ ಪಾಸು ಮಾಡೋಕಾಗಲ್ಲ."

ಅರಾಕ್ಸಿ ಇಳಿದು ಕಾರಿನ ಹಿಂಬದಿಗೆ ಹೋದಳು. ಪೆಟ್ರೋಲ್ ಮುಚ್ಚಳ ತಿರುಗಿಸಿದಳು. ಟಿಕ್, ಟಿಕ್, ಟಿಕ್.

"ಅಯ್ಯೋ, ಇದೇನಾ?" ಎಂದ ರೀಗೋ. "ಟ್ಯಾಂಕಿನಿಂದ ಆವಿ ಸೋರುತ್ತಾ ಅಂತ ಕಂಪ್ಯೂಟರು ನೋಡ್ತಾ ಇರುತ್ತೆ. ಒಂದ್ಸಲ ಅನುಮಾನ ಬಂದ್ರೆ ಸುಮ್ನಿರುತ್ತೆ, ಮತ್ತೊಂದ್ಸಲ ಕಂಡ್ರೇನೇ ದೀಪ ಹಚ್ಚೋದು. ಮುಚ್ಚಳ ಬಿಗಿ ಮಾಡಿದ್ದಿದ್ರೆ ನಾಲ್ಕು ದಿನ ಓಡಿದ ಮೇಲೆ ತಾನೇ ಆರ್ತಿತ್ತು."

ತಾನು ಚಾಡಿಕೋರನೆಂದು ಬೈದದ್ದು ಇಷ್ಟು ಸಂಯಮದ ಪ್ರಾಣಿಯನ್ನೇ? ಲೆವೊನನಿಗೆ ಮೊದಲ ಬಾರಿಗೆ ಒಂದು ಯಂತ್ರದ ಮುಂದೆ ನಾಚಿಕೆಯಾಯಿತು. ಮನೆಗೆ ವಾಪಸು ಹೋಗುವಾಗ ಪಕ್ಕದ ಸೀಟಿನ ಕಡೆಗಂತೂ ಅವನು ತಿರುಗಲೇ ಇಲ್ಲ.

ಶನಿವಾರ ಬೆಳಿಗ್ಗೆ ಕಾರು ತನ್ನ ಹೊಸ ಜನ್ಮದ ಮೊದಲ ಪಾಠ ಕಲಿತದ್ದು ಬಸ್ ನಿಲ್ದಾಣದ ದಾರಿಯಲ್ಲಿ. ಬಿಳಿ ಅಂಗಿಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅರಾಕ್ಸಿ ಕೂತಿದ್ದಳು. ಬಸ್ಸಿಗೆ ತೆಗೆಸಿದ್ದು ಒಂದೇ ಟಿಕೆಟು. ಕಾರಿಗೆ ಪಾಠ ಹೇಳಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ!

"ಶೂಶಾನ್‌ಗೆ ನನ್ನ ಪರವಾಗಿ ಹೇಳು, ಪಿಲಾಫು ಅಷ್ಟೇನೂ..."

"ಏನೂ ಹೇಳಲ್ಲ."

ಬಸ್ಸು ಗುರುಗುಟ್ಟಿತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟಾಗ ಲೆವೊನ್ ತಡೆಯಲಾರದೆ ಕೇಳಿಬಿಟ್ಟ: "ನೋಡು, ಆ ಕಂಪ್ಯೂಟರೇ ಎಲ್ಲ ಮರೆತು ಹೊಸದಾಗಿ ಶುರು ಮಾಡ್ತಿದೆ. ನೀನೂ ಹಾಗೇ ಮರೆತುಬಿಡೋಕಾಗಲ್ವಾ?"

"ಆಗಲ್ಲ, ಲೆವೊನ್," ಎಂದಳು ಅರಾಕ್ಸಿ. "ನನಗೆ ಬ್ಯಾಟರಿ ಇಲ್ಲ."