ಅವ್ವನ ಬೊಟ್ಟು, ಸುವರ್ಣಾಳ ಲಿಪ್‌ಸ್ಟಿಕ್

ಗಂಡಸು ಲಿಪ್‌ಸ್ಟಿಕ್ ಹಚ್ಚಿಕೊಂಡು ಆಫೀಸಿಗೆ ಹೋಗಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಆದರೂ ಅದರ ಕಷ್ಟ ಹೋದವನಿಗೇ ಗೊತ್ತು. ನಾನು ಹೋಗಿದ್ದೇನೆ, ಅದೂ ಎಂಟು ತಿಂಗಳು. ನನ್ನ ಹೆಂಡತಿ ಸುವರ್ಣಾ ಗೋವಾದಲ್ಲಿ ವಾಸ್ಕೋದಿಂದ ಕೆಪೆಯವರೆಗೆ ನೆಲೆಸಿರುವ ನಮ್ಮ ಕಡೆಯ ಕನ್ನಡಿಗರ ಮದುವೆಗಳಲ್ಲಿ ಮದುಮಗಳಿಗೆ ಮೇಕಪ್ ಮಾಡುವವಳು. ಕೆಪೆಯ ಒಂದು ಮದುವೆಯಲ್ಲಿ ಹುಡುಗಿ ಗಂಡನ ಮನೆಗೆ ಹೊರಡುವಾಗ ತಂದೆಯನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿಸಿದಾಗ ಅವಳ ತುಟಿಯ ಬಣ್ಣವೆಲ್ಲ ತಂದೆಯ ಬಿಳಿ ಅಂಗಿಯ ಮೇಲಿತ್ತು. ಆ ಫೋಟೊ ನೋಡಿ ಎಲ್ಲರೂ ನಕ್ಕರು, ಸುವರ್ಣಾಳಿಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ. ಊಟ, ಅಳು, ಬೆವರು, ಸಮುದ್ರದ ಗಾಳಿ, ಎಲ್ಲವನ್ನೂ ತಡೆಯುವ ಲಿಪ್‌ಸ್ಟಿಕ್ ತಾನೇ ಮಾಡುತ್ತೇನೆ ಎಂದು ಹಟ ಹಿಡಿದಳು. ಸಾಧಾರಣದ್ದಲ್ಲ, ಲಕ್ಷುರಿ ಲಿಪ್‌ಸ್ಟಿಕ್. ಲಕ್ಷುರಿ ಎಂದರೇನು ಎಂದು ಕೇಳಿದೆ. ಮುಚ್ಚಳ ಹಾಕಿದಾಗ ಟಕ್ ಎಂದು ಗಟ್ಟಿಯಾಗಿ ಸದ್ದು ಬರಬೇಕಂತೆ. ನಮ್ಮ ಮನೆಯ ಅಕ್ಕಿ ಡಬ್ಬಿಯೂ ಹಾಗೇ ಸದ್ದು ಮಾಡುತ್ತದೆ, ಆದರೆ ನಾನು ಹೇಳಲಿಲ್ಲ.

ಜೇನುಮೇಣ, ಎಣ್ಣೆ, ಬಣ್ಣದ ಪುಡಿಗಳನ್ನು ಚಹಾದ ಪಾತ್ರೆಯಲ್ಲಿ ಕರಗಿಸಿ ಅವಳು ಹದ ನೋಡುತ್ತಿದ್ದಳು. ಮೀಸೆ ಹೊತ್ತ, ನಲವತ್ತೇಳು ವರ್ಷದ ನನ್ನ ತುಟಿಗಳೇ ಅವಳ ಪ್ರಯೋಗಶಾಲೆ. ಮುಂಜಾನೆ ಹಚ್ಚುವುದು, ರೊಟ್ಟಿ ಎಣ್ಣೆಗಾಯಿ ತಿನ್ನಿಸುವುದು, ಚಹಾ ಕುಡಿಸುವುದು, ಸಂಜೆ ಎಷ್ಟು ಉಳಿದಿದೆ ಎಂದು ಬ್ಯಾಟರಿ ಬಿಟ್ಟು ನೋಡುವುದು. ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತನಾದ ನನ್ನನ್ನು ವಿಜಯಪುರದ ಕಡೆಯ ಡ್ರೈವರ್ ಮೆಹಬೂಬ ಮೊದಲ ದಿನವೇ ಹಿಡಿದ. "ಏನ್ರಿ ಸಾಹೇಬ್ರ, ಮುಂಜಾನೆದ್ದ ಪಾನ್ ಹಾಕ್ಕೊಂಡೀರಲ್ಲ?" ಎಂದ. ಮಾನ ಉಳಿಯಿತು ಎಂದು ಹೌದು ಎಂದೆ. ಮರುದಿನದಿಂದ ಅವನು ಗಡಿಯ ಮೊಲೆಂ ನಾಕೆ ದಾಟಿ ಬರುವಾಗಲೆಲ್ಲ ನನಗೊಂದು ಪಾನ್ ಕಟ್ಟಿಸಿಕೊಂಡು ಬರತೊಡಗಿದ. ತಿನ್ನದಿದ್ದರೆ ಗುಟ್ಟು ರಟ್ಟಾಗುತ್ತದೆ, ತಿಂದೆ. ಸಂಜೆ ನನ್ನ ತುಟಿಯ ಕೆಂಪು ನೋಡಿ ಸುವರ್ಣಾ ಕುಣಿದಾಡುವುದೊಂದು ಬಾಕಿ. ಅದು ಮೆಹಬೂಬನ ಕೃಪೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ನಾಚಿಕೆಯಾಗುತ್ತದೆ, ಆದರೆ ಹೇಳಿಬಿಡುತ್ತೇನೆ: ಈ ಮನೆಯಲ್ಲಿ ನಾನು ಅತಿ ಹೆಚ್ಚು ಮಾಡಿರುವ ಕೆಲಸವೆಂದರೆ ಸುಮ್ಮನಿರುವುದು.

ಕೊನೆಗೆ ಅವಳ ಹದದಂತೆಯೇ ಒಂದು ಸಣ್ಣ ಕಾರ್ಖಾನೆಯಲ್ಲಿ ಆರು ಬಣ್ಣಗಳ ಮಾದರಿ ತಯಾರಾಗಿ ಬಂತು, ಬಣ್ಣಕ್ಕೆ ಒಂದೊಂದೇ ಕಡ್ಡಿ. ದಕ್ಷಿಣ ಗೋವಾದ ಸಮುದ್ರದ ದಂಡೆಯಲ್ಲಿರುವ ದೊಡ್ಡ ಹೋಟೆಲಿನ ಅಂಗಡಿಯವರು ನೋಡುತ್ತೇವೆ, ತನ್ನಿ ಎಂದಿದ್ದರು. ಅವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇದಕ್ಕೆ ಮತ್ತೆ ಕೈ ಹಾಕುವುದಿಲ್ಲ ಎಂದು ಅವಳು ಶಪಥ ಮಾಡಿದ್ದಳು. ಆರರಲ್ಲಿ ಅವಳ ಜೀವವಿದ್ದದ್ದು ಒಂದು ಗಾಢ ಕೆಂಪಿನಲ್ಲಿ. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವನಾದ್ದರಿಂದ ಬಣ್ಣಗಳಿಗೆ ಹೆಸರಿಡುವ ಹೊಣೆಯನ್ನು ನಾನೇ ವಹಿಸಿಕೊಂಡಿದ್ದೆ. 'ಸಾಗರ ದಾಸವಾಳ', 'ಮುನಿದ ಕನಕಾಂಬರ' ಎಂದು ಮೂವತ್ತು ಹೆಸರುಗಳ ಪಟ್ಟಿ ಜೇಬಿನಲ್ಲಿತ್ತು. ಅವಳು ಅದನ್ನು ಓದಿ ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋಗಿದ್ದಳು.

ಹೋಗಬೇಕಾದ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ಎಂದರೆ ಗಾಡಿ ಪೂಜೆ. ಒಳ್ಳೆಯ ಕೆಲಸಕ್ಕೆ ಹೊರಟಿದ್ದೀರಿ, ಹಾಗೇ ಹೋಗಬೇಡಿ ಎಂದು ಅವ್ವ ಬೆಳಿಗ್ಗೆಯೇ ಆರತಿ ತಟ್ಟೆ ಹಿಡಿದು ನಿಂತಳು. ಮಳೆಗಾಲದ ಗೋವಾದಲ್ಲಿ ಉಪ್ಪು ನೀರಾಗುತ್ತದೆ, ಕುಂಕುಮ ಕೆಸರಾಗುತ್ತದೆ. "ಈ ಕುಂಕುಮ ಇಲ್ಲಿ ಹವಾಕ್ಕ ಮುದ್ದಿ ಆಗೇತಿ. ಸುವರ್ಣಾಂದು ಅದೇನೋ ಕೆಂಪಂದು ಐತೆಲ್ಲ, ಅದನ್ನ ಕೊಡು, ಒಂದ್ ಬೊಟ್ಟ ಹಚ್ಚಿ ಕೊಡ್ತೇನಿ" ಎಂದಳು. ಸುವರ್ಣಾ ಸ್ನಾನಕ್ಕೆ ಹೋಗಿದ್ದಳು. ಒಂದು ಬೊಟ್ಟು ತಾನೆ ಎಂದು ನಾನೇ ತೆಗೆದುಕೊಟ್ಟೆ. ಸ್ಕೂಟರಿನ ದೀಪಕ್ಕೆ ಐದು ಬೊಟ್ಟು, ಎರಡು ಗಾಲಿಗೆ ಎರಡು, ಹೊಸ್ತಿಲಿಗೆ ಉದ್ದಕ್ಕೂ, ಗ್ಯಾಸಿನ ಸಿಲಿಂಡರಿಗೆ, ಮಿಕ್ಸರಿಗೆ, ದೇವರ ಫೋಟೊಗಳಿಗೆ, ಕಡೆಗೆ ನನ್ನ ಹಣೆಗೆ. ಎಷ್ಟು ಚಲೋ ಹತ್ತುತ್ತದೆ ಎಂದು ಅವ್ವನಿಗೆ ಹುರುಪು ಏರುತ್ತಲೇ ಹೋಯಿತು. ನಾನು ನೋಡುತ್ತ ನಿಂತಿದ್ದೆ. ಅವ್ವನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಕಡ್ಡಿ ಬುಡ ಮುಟ್ಟಿತ್ತು.

ಸುವರ್ಣಾ ಹೊರಗೆ ಬಂದು ಹೊಸ್ತಿಲು ನೋಡಿದಳು, ಸ್ಕೂಟರು ನೋಡಿದಳು.

"ಅತ್ತಿಯವರ, ಇದನ್ನ ನಿಮಗ ಯಾರು ಕೊಟ್ರು?"

"ನಿನ್ನ ಗಂಡನ ಕೊಟ್ಟ" ಎಂದು ಅವ್ವ ಒಂದು ಕ್ಷಣವೂ ತಡಮಾಡದೆ ನನ್ನನ್ನು ಒಪ್ಪಿಸಿದಳು.

ಸುವರ್ಣಾ ಬೈದಿದ್ದರೆ ಚೆನ್ನಾಗಿತ್ತು. ಉಳಿದ ಐದು ಕಡ್ಡಿಗಳನ್ನು ಸೆರಗಿನಲ್ಲಿ ಒರೆಸಿ ಡಬ್ಬಿಯಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕುಳಿತಳು. ದಾರಿಯುದ್ದಕ್ಕೂ ಕೊಡದಲ್ಲಿ ಸುರಿದಂಥ ಮಳೆ. ಕನ್ನಡಿಯಲ್ಲಿ ನೋಡಿದರೆ ಅವಳ ಕಣ್ಣು ಒದ್ದೆ, ಮಳೆಯೋ ಏನೋ.

ಅಂಗಡಿಯ ಮ್ಯಾನೇಜರ್ ಬಾಯಿ ಒಳ್ಳೆಯ ಹೆಂಗಸೇ. ಐದು ಬಣ್ಣಗಳನ್ನೂ ಕೈ ಮೇಲೆ ಎಳೆದು ನೋಡಿ, ಚೆನ್ನಾಗಿವೆ, ಇಂಥವು ನಮ್ಮಲ್ಲಿ ಇವೆ, ತಿಳಿಸುತ್ತೇವೆ ಎಂದು ಕೊಂಕಣಿಯಲ್ಲಿ ನಯವಾಗಿ ಹೇಳಿದರು. ತಿಳಿಸುತ್ತೇವೆ ಎಂದರೆ ಏನೆಂದು ಯಾವ ಭಾಷೆಯಲ್ಲೂ ಗೊತ್ತಾಗುತ್ತದೆ. ನಾನು ಮೂಲೆಯಲ್ಲಿ ನಿಂತು ಮುಖದ ನೀರು ಒರೆಸಿಕೊಳ್ಳುತ್ತಿದ್ದೆ. ಆ ಬಾಯಿ ನನ್ನನ್ನೇ ನೋಡತೊಡಗಿದರು. ಇಷ್ಟು ಮಳೆಯಲ್ಲಿ, ಹೆಲ್ಮೆಟ್ಟಿನೊಳಗೆ ಉಜ್ಜಿ ಉಜ್ಜಿ ಬಂದರೂ ಆ ಹಣೆಯ ಬೊಟ್ಟು ಹೋಗಿಲ್ಲವಲ್ಲ, ಅದು ಯಾವ ಕುಂಕುಮ ಎಂದು ಕೇಳಿದರು.

ಸುವರ್ಣಾ ಮುಖ ಎತ್ತಿ, ಅದು ಕುಂಕುಮವಲ್ಲ, ನನ್ನ ಆರನೆಯ ಬಣ್ಣ ಎಂದಳು. ಎದ್ದು ಬಂದು ಒದ್ದೆ ಕಾಗದದಿಂದ ನನ್ನ ಹಣೆಯನ್ನು ತಳ ಹತ್ತಿದ ಬೋಗುಣಿಯಂತೆ ತಿಕ್ಕಿದಳು. ಬೆಳಗಿನ ಸಿಟ್ಟೂ ಅದರಲ್ಲಿ ಸೇರಿತ್ತು. ಹೋಗಲಿಲ್ಲ. ಆ ಬಾಯಿಯೂ ಬಂದು ಒಂದು ಕೈ ನೋಡಿದರು. ಚರ್ಮ ಕೆಂಪಾಯಿತು, ಬೊಟ್ಟು ಅಲ್ಲಾಡಲಿಲ್ಲ. ಮೊದಲು ಈ ಕೆಂಪನ್ನೇ ಕಳಿಸಿ, ಇದರ ಹೆಸರೇನು ಎಂದು ಕೇಳಿದರು. ನಾನು ಅವಸರದಿಂದ ಜೇಬಿಗೆ ಕೈ ಹಾಕಿದೆ. ಮೂವತ್ತು ಹೆಸರುಗಳೂ ಮಳೆಯಲ್ಲಿ ಕಲಸಿ ಮುದ್ದೆಯಾಗಿದ್ದವು. ಅಷ್ಟರಲ್ಲಿ ಸುವರ್ಣಾ ನಮ್ಮ ಅವ್ವನ ಹೆಸರನ್ನೇ ಹೇಳಿಬಿಟ್ಟಳು: "ಗೌರವ್ವ."

ಈಗ ಆ ಅಂಗಡಿಯ ಗಾಜಿನ ಕಪಾಟಿನಲ್ಲಿ ಗೌರವ್ವ ಟಕ್ ಎಂದು ಸದ್ದು ಮಾಡುವ ಮುಚ್ಚಳ ಹಾಕಿಕೊಂಡು ನಿಂತಿದ್ದಾಳೆ. ಅವ್ವನಿಗೆ ಎಲ್ಲಿಲ್ಲದ ಹೆಮ್ಮೆ. ನನಗೂ ಒಂದಿಷ್ಟು ಆಸೆ ಹುಟ್ಟಿ, ಹಣೆ ನನ್ನದಲ್ಲವೇ ಎಂದು ಗೊಣಗಿದೆ. ಮೊನ್ನೆ ಸುವರ್ಣಾ ಹೊಸ ಕಡ್ಡಿಯೊಂದನ್ನು ಕೈಗಿಟ್ಟು, "ಇದಕ್ಕ ನಿಮ್ಮ ಹೆಸರ ಇಟ್ಟೇನ್ರಿ. ಎಲ್ಲಕ್ಕಿಂತ ಮೊದ್ಲ ಹಚ್ಚೂದು. ಇದಿಲ್ಲಂದ್ರ ಮ್ಯಾಲಿನ ಬಣ್ಣ ನಿಲ್ಲೂದಿಲ್ಲ" ಎಂದಳು. ಕಣ್ಣು ತುಂಬಿ ಬಂತು. ಮುಚ್ಚಳ ತೆಗೆದರೆ ಅದಕ್ಕೆ ಬಣ್ಣವೇ ಇರಲಿಲ್ಲ. ಆದರೂ ದಪ್ಪಗೆ ಹಚ್ಚಿಕೊಂಡು ಎದೆಯುಬ್ಬಿಸಿ ಆಫೀಸಿಗೆ ಹೋದೆ. ಮೆಹಬೂಬ ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

"ಯಾಕ್ರಿ ಸಾಹೇಬ್ರ, ಇವತ್ತ ಏನೂ ಇಲ್ಲಲ್ಲ?" ಎಂದು ಮರುಗಿ, ಎರಡು ಪಾನ್ ಕೊಟ್ಟ.