ಆರು ದಾರ, ಒಂದು ಲೆನ್ಸು

ಎದುರು ಮನೆಯ ಮಹೇಶ್ವರಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬದರಿಯ ಮನೆಗೆ ಬಂದಳು. ಏಳು ತಿಂಗಳ ಬಸುರಿ. ಆದೋನಿಯ ಬಿಸಿಲಿಗೆ ತಲೆ ಸುತ್ತಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಕೂತು ಹೋದಳು. ತೊಂದರೆ ಶುರುವಾದದ್ದು ಆ ಹತ್ತು ನಿಮಿಷದಿಂದ.

ಅವಳು ಕೂತ ಕುರ್ಚಿಯ ಪಕ್ಕದಲ್ಲೇ ಬದರಿಯ ಅಲ್ಟ್ರಾಸೌಂಡ್ ಯಂತ್ರವಿತ್ತು. ಮೈಮೇಲೆ ಒತ್ತಿ ಹಿಡಿದು ಒಳಗನ್ನು ನೋಡುವ ಸಾಧಾರಣ ಪ್ರೋಬಿಗೆ ಒಂದು ಆಳದಲ್ಲಷ್ಟೇ ಸ್ಪಷ್ಟ ಕಾಣುತ್ತದೆ. ಅದರ ಮೇಲೆ, ಕೆಳಗೆ ಎಲ್ಲ ಮಸುಕು, ಕನ್ನಡಕ ಕಳಕೊಂಡವನ ಹಾಗೆ. ಪ್ರೋಬಿನ ಬಾಯಿಗೆ ಅಂಟಿಸುವ ರಬ್ಬರಿನ ಲೆನ್ಸನ್ನು ಬಗೆಬಗೆಯ ಬಾಗಿನಲ್ಲಿ ಎರಕ ಹೊಯ್ಯುತ್ತ ಬದರಿ ಆರು ವರ್ಷ ಕಳೆದಿದ್ದ. ಹೋದ ತಿಂಗಳು, ನೀರಿನ ಟಬ್ಬಿನಲ್ಲಿ ಒಂದರ ಕೆಳಗೊಂದು ಕಟ್ಟಿದ ಆರು ದಾರಗಳೂ ಒಂದೇ ಸಲಕ್ಕೆ ಸ್ಪಷ್ಟವಾಗಿ ಕಂಡಿದ್ದವು. ಇವತ್ತು ಸಂಜೆಯ ರೈಲಿಗೆ ಹೈದರಾಬಾದಿನಿಂದ ಪರೀಕ್ಷಕರು ಬಂದು, ನೋಡಿ, ಒಪ್ಪಿದರೆ ಪಿಎಚ್.ಡಿ.

ಪಕ್ಕದ ಮನೆಯ ಉಚ್ಚಮ್ಮ ಕಿಟಕಿಯಲ್ಲಿ ಮುಖ ಇಟ್ಟಳು.

“ಏನ್ರಿ ಆಚಾರ್ರೆ, ಗಂಡಾ ಹೆಣ್ಣಾ?”

“ಯಾವುದು ಉಚ್ಚಮ್ಮ?”

“ಆಕಿ ಹೊಟ್ಟ್ಯಾಗಿಂದು. ನಾ ಎಲ್ಲಾ ನೋಡೀನಿ.”

“ಆಕಿ ಮೊಸರು ಕೇಳಾಕ ಬಂದಿದ್ಲು.”

“ಮೊಸರಿಗೆ ಮಷಿನ್ ಯಾಕ? ಸರೇಲೇಂಡಿ, ಇರಲಿ ಬಿಡ್ರಿ. ಹೆಲ್ತ್ ಆಫೀಸಿಗೆ ಫೋನ್ ಮಾಡೀನಿ, ಚೆಕಿಂಗಿಗೆ ಬರ್ತಾರ. ಹೊಟ್ಟಿ ಒಳಗ ಕಾಣೋ ಮಷಿನ್ ಮನ್ಯಾಗ ಇಟ್ಕೊಂಡ್ರ ಜೈಲಂತ.”

ಬದರಿ ಟಬ್ಬಿನಿಂದ ಪ್ರೋಬನ್ನು ಎತ್ತಿದ. ಯಂತ್ರವನ್ನು ಮಂಚದ ಕೆಳಗೆ ತಳ್ಳುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಫೈಲು ಹಿಡಿದ ಹಿರಿಯರೊಬ್ಬರು ಒಳಗೆ ಬಂದು, ಮೂಲೆ ಮೂಲೆ ನೋಡಿದರು.

“ಪ್ರೋಬ್ ಮಾಡೋನು ನೀನೇ ಏನು?”

“ಅದು ಆಟದ ಸಾಮಾನು ಸರ್.”

“ಎಷ್ಟು ಆಳ ಸ್ಪಷ್ಟ ಕಾಣತೈತಿ?”

“ಏನೂ ಕಾಣಂಗಿಲ್ರಿ. ಎಲ್ಲಾ ಮಬ್ಬು.”

“ಆರೂ ದಾರ ಕಂಡ್ವು ಅಂತಲ್ಲ?”

ಚೆಕಿಂಗಿನವರಿಗೆ ದಾರದ ಲೆಕ್ಕ ಹೇಳುವುದನ್ನೂ ಉಚ್ಚಮ್ಮ ಬಿಟ್ಟಿಲ್ಲವೆಂದುಕೊಂಡ ಬದರಿ. “ಸುಳ್ಳು ಸರ್. ಒಂದೂ ಕಂಡಿಲ್ಲ.”

“ಬರೆದು ಕೊಡ್ತೀ?”

ಬದರಿ ಬರೆದ. ಕೇಳದಿದ್ದರೂ ತಾರೀಕು ಹಾಕಿ ರುಜು ಮಾಡಿದ. ಹಿರಿಯರು ಕಾಗದವನ್ನು ಫೈಲಿಗೆ ಸೇರಿಸಿದರು.

“ಸಂಜಿಗೆ ಬರ್ತೀನಂತ ಹೇಳಿ ಮುಂಜಾನಿ ರೈಲಿಗೆ ಬಂದಿದ್ದು ಛಲೋ ಆತು. ಥೀಸಿಸ್ ಓದಿದಾಗಿಂದ ನನಗ ಅನುಮಾನ ಇತ್ತು. ನಾನು ಸುಯಮೀಂದ್ರ, ನಿನ್ನ ಪರೀಕ್ಷಕ. ಆದ್ರೂ ಇಷ್ಟು ಪ್ರಾಮಾಣಿಕ ವಿದ್ಯಾರ್ಥೀನ್ನ ನಾ ನೋಡಿಲ್ಲ.”

ಬದರಿ ಬೀದಿಯ ತನಕ ಹಿಂದೆ ಓಡಿದ. “ಸರ್, ಕಾಣತಾವ್ರಿ, ಆರೂ ಕಾಣತಾವು.”

“ಈಗ ಕಾಣಾಕ ಹತ್ಯಾವೇನು?” ಎಂದು ಅವರು ಆಟೋ ಹತ್ತಿದರು.

ಫೋಟೋ ತೆಗೆದಾದರೂ ಕಳಿಸೋಣವೆಂದು ಬದರಿ ಒಳಗೆ ಓಡಿ ಯಂತ್ರವನ್ನು ಹೊರಗೆಳೆದು, ಪ್ರೋಬನ್ನು ನೀರಿಗಿಳಿಸಿದ. ಆರು ದಾರಗಳೂ ಪರದೆಯ ಮೇಲೆ ಮೂಡಿದವು. ಅಷ್ಟರಲ್ಲಿ ಹಿಂದೆ ಹೆಜ್ಜೆಯ ಸದ್ದು. ಸರ್ ಮನಸ್ಸು ಬದಲಿಸಿ ಬಂದರು ಅನ್ನಿಸಿತು. ಬದರಿ ಪರದೆಯಿಂದ ಕಣ್ಣು ಕೀಳಲಿಲ್ಲ.

“ನೋಡ್ರಿ ಸರ್, ತಳದ ದಾರ ನೋಡ್ರಿ. ಒಂದು ಗೇಣು ಆಳ. ದಾರ ಏನು ಮಹಾ, ಹೊಟ್ಟ್ಯಾಗಿನ ಕೂಸಿನ ಕಣ್ರೆಪ್ಪಿನೂ ಇದಕ್ಕ ತಪ್ಪಂಗಿಲ್ಲ.”

“ಹೌದ್ರಿ, ಭಾಳ ಚಂದ ಕಾಣತೈತಿ,” ಎಂದ ಹೆಲ್ತ್ ಆಫೀಸಿನ ಆಂಜಿನೇಯ. ಅವನ ಹಿಂದೆ ಉಚ್ಚಮ್ಮ ನಿಂತಿದ್ದಳು.

ಆಂಜಿನೇಯ ನಿಧಾನವಾಗಿ ವರದಿ ಬರೆದ: ಮೇಲಿನಿಂದ ತಳದವರೆಗೆ ಅತ್ಯಂತ ಸ್ಪಷ್ಟ. ಉಚ್ಚಮ್ಮ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದಳು. ಬದರಿಯ ಲೆನ್ಸಿಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ಅದರ ಕೆಳಗೆ ರುಜು ಹಾಕಿ, ಆಂಜಿನೇಯ ಯಂತ್ರಕ್ಕೆ ಸೀಲ್ ಒತ್ತಿ ಜೀಪಿಗೆ ಹಾಕಿಕೊಂಡ.