ಗುಮಾನಿಗೆ ಮದ್ದು

ಬುಧವಾರ ಬೆಳಗ್ಗೆ ಸೊಣ್ಣಪ್ಪ ಗಂಧದ ಸೋಪು ಹಚ್ಚಿಕೊಂಡು ಸ್ನಾನ ಮಾಡಿದ್ದೇ ತಪ್ಪಾಯಿತು. ಹಬ್ಬವಿಲ್ಲ, ಮದುವೆಯಿಲ್ಲ, ನೆಂಟರು ಯಾರೂ ಬರುವವರಿಲ್ಲ. ಹೆಂಡತಿ ಮುನಿಕೆಂಪಮ್ಮ ಬಚ್ಚಲ ಬಾಗಿಲಿಗೇ ಬಂದು ನಿಂತು ಮೂಸಿದಳು.

“ಯಾರಿಗೆ ಈ ವಾಸ್ನೆ?”

“ಡಾಕ್ಟರ ಹತ್ರ ಹೋಗ್ಬೇಕಲ್ಲೇ. ಬೆವರು ನಾತ ಇಟ್ಕೊಂಡು ಹೋಗ್ಲಾ?”

“ಡಾಕ್ಟ್ರು ಗಂಡ್ಸೋ ಎಂಗ್ಸೋ?”

“ಗಂಡಸು ಕಣೇ! ಇಷ್ಟು ದಪ್ಪ ಮೀಸೆ ಐತೆ!”

“ನೀವು ಯಾವಾಗ ನೋಡಿದ್ರಿ ಮೀಸೇನ? ನಂಗ್ಯಾಕೆ ಏಳ್ಲಿಲ್ಲ?”

ಒಂದು ವರ್ಷದಿಂದ ಮತ್ತೀಕೆರೆಯ ಆ ಮನೆಯಲ್ಲಿ ಮಾತುಕತೆ ಹೀಗೆಯೇ ನಡೆಯುತ್ತಿತ್ತು. ತಪ್ಪು ಸೊಣ್ಣಪ್ಪನದೇ. ಅವನಿಗೆ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ತೂಗಿಸುವ ಕೆಲಸ. ಹೋದ ವರ್ಷ ರೈಲ್ವೆ ಗೇಟಿನಾಚೆಯ ಬಯಲಿನಲ್ಲಿ ಒಂದು ಟೆಂಟ್ ಸಿನಿಮಾ ಬಂದು ಕೂತಿತ್ತು. ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವಳು ಪಟಾಲಮ್ಮ. ಮೊದಮೊದಲು ಸಿನಿಮಾ ನೋಡಲು ಹೋಗುತ್ತಿದ್ದ ಸೊಣ್ಣಪ್ಪ, ಆಮೇಲೆ ಸಿನಿಮಾ ಬಿಟ್ಟು ಅವಳ ಮನೆಗೇ ಹೋಗತೊಡಗಿದ. ಮನೆಯಲ್ಲಿ ಮಾತ್ರ ರಾತ್ರಿ ಪಾಳಿ ಎಂದು ಹೇಳುತ್ತಿದ್ದ. ಒಂದು ದಿನ ಮುನಿಕೆಂಪಮ್ಮ ಬಟ್ಟೆ ಒಗೆಯುವಾಗ ಅವನ ಜೇಬಿನಿಂದ ಟೆಂಟಿನ ನೆಲದ ಮರಳು ಉದುರಿತು. ಮರಳಿನ ಹಿಂದೆಯೇ ಮಿಕ್ಕಿದ್ದೆಲ್ಲವೂ ಉದುರಿತು.

ಅವಳು ಅತ್ತಳು, ಅನ್ನ ಬಿಟ್ಟಳು. ಬಾಗಲೂರಿನಿಂದ ಅವಳ ಅಣ್ಣಂದಿರು ಬಂದು ಒಂದು ಮಾತೂ ಆಡದೆ ಜಗುಲಿಯ ಮೇಲೆ ಕೂತು ಸೊಣ್ಣಪ್ಪನ ಮುಖವನ್ನೇ ನೋಡಿದರು. ಹೊಡೆದಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ. ಅಷ್ಟರಲ್ಲಿ ಟೆಂಟು ದೊಡ್ಡಬಳ್ಳಾಪುರದ ಕಡೆಗೆ ಹೋಯಿತು, ಪಟಾಲಮ್ಮನೂ ಹೋದಳು. ಗುಮಾನಿ ಮಾತ್ರ ಮತ್ತೀಕೆರೆಯಲ್ಲೇ ಉಳಿಯಿತು. ತಡವಾಯಿತೇ, ಯಾಕೆ? ರೈಲ್ವೆ ಗೇಟು ಹಾಕಿತ್ತೇ, ಯಾವ ರೈಲಿಗೆ? ಅವನು ಹಗಲೆಲ್ಲ ಶೆಡ್ಡಿನಲ್ಲಿ ಮೂಟೆ ತೂಗಿ ಬಂದರೆ, ಅವಳು ಸಂಜೆ ಅವನನ್ನೇ ತಕ್ಕಡಿಗೆ ಹಾಕುತ್ತಿದ್ದಳು.

ಕೊನೆಗೆ ಶೆಡ್ಡಿನ ಮೇಸ್ತ್ರಿ ರಾಮಕೃಷ್ಣಪ್ಪ ಒಂದು ದಾರಿ ಹೇಳಿದ. ಹೆಬ್ಬಾಳದಲ್ಲಿ ನರಸಿಂಹಯ್ಯ ಅಂತ ಒಬ್ಬ ಡಾಕ್ಟರಿದ್ದಾರೆ, ಮಿಲಿಟರಿಯಲ್ಲಿದ್ದು ಬಂದವರು. ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ, ಬರೀ ಮಾತಿನಲ್ಲೇ ಮನಸ್ಸಿನ ಗಾಯ ವಾಸಿ ಮಾಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಅಷ್ಟೆ.

ಮನಸ್ಸಿನ ಡಾಕ್ಟರೆಂದರೆ ಬೀದಿಯವರ ಬಾಯಲ್ಲಿ ಹುಚ್ಚಿನ ಡಾಕ್ಟರು. ಆದ್ದರಿಂದ ಯಾರು ಕೇಳಿದರೂ ಕಣ್ಣು ತೋರಿಸಲು ಎನ್ನುವುದೆಂದು ಇಬ್ಬರೂ ಮಾತಾಡಿಕೊಂಡರು. ವರ್ಷವಾದ ಮೇಲೆ ಗಂಡ ಹೆಂಡತಿ ಒಪ್ಪಿದ ಮೊದಲ ವಿಷಯ ಅದು.

ಜಟಕಾ ಬಂದು ನಿಂತದ್ದೇ ತಡ, ಪಕ್ಕದ ಮನೆಯ ಅಕ್ಬರಿ ಹೊರಗೆ ಬಂದಳು. “ಎಲ್ಲಿಗಣ್ಣಾ ಸವಾರಿ?”

“ಕಣ್ಣು ತೋರ್ಸಕ್ಕಮ್ಮ.”

“ಯಾರ ಕಣ್ಣು?”

“ಇವಳದು,” ಎಂದ ಸೊಣ್ಣಪ್ಪ. “ಇವರ್ದು,” ಎಂದಳು ಮುನಿಕೆಂಪಮ್ಮ. ಎರಡೂ ಒಟ್ಟಿಗೇ ಬಿದ್ದವು.

ಅಕ್ಬರಿ ಇಬ್ಬರನ್ನೂ ಒಮ್ಮೆ ನೋಡಿ ಒಳಗೆ ಓಡಿ ಸುರ್ಮಾ ತಂದಳು. “ಡಾಕ್ಟ್ರೆಲ್ಲ ಯಾಕೆ? ನಮ್ಮ ಅಮ್ಮ ಮಾಡಿದ್ದು ಇದು.” ಬೇಡ ಬೇಡ ಎನ್ನುವಷ್ಟರಲ್ಲಿ ಸೊಣ್ಣಪ್ಪನ ಎರಡು ಕಣ್ಣಿಗೂ ಗೀರಿಯೇಬಿಟ್ಟಳು. ಮೆಣಸಿನಕಾಯಿ ಮೂಟೆ ಕಣ್ಣೊಳಗೆ ಬಿಚ್ಚಿದಂತಾಯಿತು.

ಅವನು ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಎದುರು ಮನೆಯ ಕೃಷ್ಣಯ್ಯ ಜಟಕಾದಲ್ಲಿ ಕೂತಿದ್ದರು. ರಿಟೈರಾದ ಮೇಲೆ ಅವರಿಗೆ ಬೀದಿಯ ಸಮಾಚಾರ ನೋಡಿಕೊಳ್ಳುವುದೇ ಉದ್ಯೋಗ. “ನಂದೂ ಎಡಗಣ್ಣು ಮಂಜು ಕಣಯ್ಯ. ಹೆಂಗೂ ಹೋಗ್ತಿದೀರಲ್ಲ, ನಾನೂ ತೋರಿಸ್ಕೊಂಡು ಬಿಡ್ತೀನಿ.”

ದಾರಿಯುದ್ದಕ್ಕೂ ಮುನಿಕೆಂಪಮ್ಮ ಗಂಡನ ಕರಿಗಣ್ಣನ್ನು ನೋಡುತ್ತಿದ್ದಳು. “ಅಕ್ಬರಿ ಅಷ್ಟು ಸಲೀಸಾಗಿ ನಿಮ್ ಗಲ್ಲ ಇಡ್ಕಂಡ್ಳಲ್ಲ!” ಎಂದಳೊಮ್ಮೆ. ಕುದುರೆ ಕೂಡ ಕಿವಿ ನಿಮಿರಿಸಿತು.

ಹೆಬ್ಬಾಳದಲ್ಲಿ ಡಾಕ್ಟರ ಮನೆಯ ಗೇಟಿಗೆ ಒಂದು ಸಣ್ಣ ಬೋರ್ಡು. ಎಡಗಣ್ಣು ಮಂಜಾದ ಕೃಷ್ಣಯ್ಯ ಅದನ್ನು ರಸ್ತೆಯ ಆಚೆಯಿಂದಲೇ ಗಟ್ಟಿಯಾಗಿ ಓದಿದರು: “ಮನೋವೈದ್ಯರು! ಅಯ್ಯೋ, ಇದು ಹುಚ್ಚಿನ ಡಾಕ್ಟ್ರ ಮನೆ ಕಣಯ್ಯ!”

“ಮೆಲ್ಲಗೆ ಮಾತಾಡಿ ಕೃಷ್ಣಯ್ನೋರೇ!”

“ಮೆಲ್ಲಗೇ ಕೇಳ್ತೀನಿ. ನಿಮ್ಮಿಬ್ಬರಲ್ಲಿ ಯಾರಿಗೆ?”

ಗಂಡ ಹೆಂಡತಿ ಬೇಗ ಬೇಗ ಗೇಟು ದಾಟಿದರು. ಕೃಷ್ಣಯ್ಯ ವರಾಂಡದ ಬೆಂಚಿನ ತೀರಾ ತುದಿಗೆ ಹೋಗಿ, ಕೊಡೆಯನ್ನು ಮಡಿಲಲ್ಲಿ ಅಡ್ಡ ಹಿಡಿದು ಕೂತರು.

ಡಾಕ್ಟರು ಮೊದಲು ಸೊಣ್ಣಪ್ಪನನ್ನು ಕರೆದರು. ಮೀಸೆ ಇತ್ತು. ಸೊಣ್ಣಪ್ಪ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ಮುಂಚೆಯೇ ಅವನ ಕಣ್ಣಿಂದ ಕಪ್ಪು ನೀರು ದಳದಳ ಸುರಿಯಿತು. ಡಾಕ್ಟರ ಮನಸ್ಸು ಕರಗಿತು.

“ಇಂಥ ಪಶ್ಚಾತ್ತಾಪ ನಾನು ನೋಡೇ ಇರ್ಲಿಲ್ಲ.”

“ಇದು ಸುರ್ಮಾ ಸಾರ್,” ಎಂದ ಸೊಣ್ಣಪ್ಪ. ಆದರೆ ಟೆಂಟಿನ ಕತೆ ಹೇಳುತ್ತಾ, ಹೆಂಡತಿ ಅನ್ನ ಬಿಟ್ಟ ದಿನಗಳಿಗೆ ಬಂದಾಗ ಸುರ್ಮಾದ ಜೊತೆಗೆ ಬೇರೆಯ ನೀರೂ ಸೇರಿಕೊಂಡಿತು. “ಅವಳು ಮೊದ್ಲಿನ ಥರ ನನ್ನ ನಂಬಿದ್ರೆ ಸಾಕು ಸಾರ್. ಇನ್ನೇನೂ ಬೇಡ.”

“ಹಾಗಾದ್ರೆ ಒಂದೇ ಪಥ್ಯ. ಇವತ್ತಿನಿಂದ ಹೆಂಡತಿ ಹತ್ರ ಏನನ್ನೂ ಮುಚ್ಚಿಡಬೇಡಿ. ಆಗುತ್ತಾ?”

“ಆಗುತ್ತೆ ಸಾರ್,” ಎಂದು ಎದೆ ಮುಟ್ಟಿಕೊಂಡು ಹೊರಗೆ ಬಂದ. ಮುನಿಕೆಂಪಮ್ಮ ಒಳಗೆ ಹೋದಳು.

ವರಾಂಡದಲ್ಲಿ ಕೃಷ್ಣಯ್ಯ ಕಾದಿದ್ದರು. “ಅಂದ್ರೆ ನಿನಗೇ ಅನ್ನು. ಎಷ್ಟು ದಿನದಿಂದ? ಕಚ್ತೀಯಾ?” ಅವರ ಬಾಯಿಂದ ತಪ್ಪಿಸಿಕೊಂಡರೆ ಸಾಕೆಂದು ಸೊಣ್ಣಪ್ಪ ಮನೆಯ ಪಕ್ಕದಿಂದ ಹಿತ್ತಲಿಗೆ ನಡೆದ. ಅಲ್ಲೊಂದು ತೆರೆದ ಕಿಟಕಿ. ಒಳಗಿನಿಂದ ಬಂದದ್ದು ಅವನ ಹೆಂಡತಿಯ ದನಿ.

“ಗುಮಾನಿ ಎಲ್ಲೈತೆ ಡಾಕ್ಟ್ರೇ, ಅದು ಓಗಿ ತಿಂಗ್ಳುಗಟ್ಲೆ ಆಯ್ತು. ಮೊದ್ಲು ಸತ್ತೇ ಓಗ್ತೀನಿ ಅನ್ನಂಗೆ ಅತ್ತಿದ್ದು ನಿಜ. ಆಮ್ಯಾಕೆ ಆ ಟೆಂಟು ಕಿತ್ಕಂಡೋಯ್ತು, ನನ್ ಸಂಕ್ಟಾನೂ ಒಸಿ ಒಸಿ ಕಿತ್ಕಂಡೋಯ್ತು.”

“ಮತ್ತೆ ದಿನಾ ಯಾಕಮ್ಮ ಅವರನ್ನ ಹಾಗೆ ಕೇಳ್ತೀರಿ?”

ಕುರ್ಚಿ ಮುಂದಕ್ಕೆ ಎಳೆದುಕೊಂಡ ಸದ್ದಾಯಿತು.

“ಅದಕ್ ಮುಂಚೆ ನಮ್ಮೋರು ನಂಜೊತೆ ಮಾತೇ ಆಡ್ತಿರ್ಲಿಲ್ಲ. ಬರೋರು, ಉಣ್ಣೋರು, ಮಲ್ಗೋರು. ಈಗ ಎಲ್ಲಿಗೋಗಿದ್ರಿ ಅಂತ ಒಂದ್ ಮಾತು ಕೇಳಿದ್ರೆ, ಶೆಡ್ನಲ್ಲಿ ಯಾವ ಮೂಟೆ ಅರೀತು, ಯಾರ್ ಯಾರಿಗೆ ಜಗಳ ಆಯ್ತು, ಎಲ್ಲಾ ಏಳ್ತಾರೆ. ಕೇಳಕ್ಕೆ ಬೋ ಚೆಂದ ಇರ್ತದೆ. ನಂಬಿಬುಟ್ರೆ ಮತ್ತೆ ಮೂಗಬಸವ ಆಗೋಯ್ತಾರೆ. ಅದ್ಕೇ, ಇನ್ನೂ ವಾಸಿಯಾಗಿಲ್ಲ ಅಂತ ಏಳ್ಬುಡಿ ಡಾಕ್ಟ್ರೇ.”

ಕಿಟಕಿಯ ಕೆಳಗೆ ಸೊಣ್ಣಪ್ಪನ ಎದೆಯಿಂದ ಒಂದು ಮೂಟೆ ಇಳಿಯಿತು. ಮೊದಲು ನಗು ಬಂತು, ಹಿಂದೆಯೇ ನಾಚಿಕೆಯಾಯಿತು, ಆಮೇಲೆ ಅವಳ ಮೇಲೆ ಮದುವೆಯಾದ ಹೊಸದರಲ್ಲೂ ಬಂದಿರದಷ್ಟು ಪ್ರೀತಿ ಬಂತು. ತನಗೆ ಗೊತ್ತಾಯಿತೆಂದು ಹೇಳಿಬಿಡಲೇ? ಹೇಳಿದರೆ ಅವಳಿಗೆ ಅವಮಾನ. ಮೇಲಾಗಿ ನಾಳೆಯಿಂದ ಅವಳು ಕೇಳುವುದನ್ನೇ ಬಿಟ್ಟರೆ? ಆ ಪ್ರಶ್ನೆಗಳಿಲ್ಲದ ಸಂಜೆಯನ್ನು ನೆನೆದರೆ ಅವನಿಗೂ ಬಿಕೋ ಎನಿಸಿತು. ಇದೊಂದನ್ನು ಮಾತ್ರ ಮುಚ್ಚಿಡುವುದೆಂದು ಅಲ್ಲೇ ತೀರ್ಮಾನಿಸಿದ. ಡಾಕ್ಟರಿಗೆ ಕೊಟ್ಟ ಮಾತು ಕಾಲು ಗಂಟೆಯೂ ಉಳಿಯಲಿಲ್ಲ.

ಹಿತ್ತಲಲ್ಲಿ ಸೀರೆ ಹರವುತ್ತಿದ್ದ, ಡಾಕ್ಟರ ಮನೆಯ ಕೆಲಸದ ಹೆಂಗಸು ಅವನನ್ನು ನೋಡಿದಳು. “ಯಾರು ಬೇಕಿತ್ತು?” ಎನ್ನುತ್ತಾ ಅವನ ಹಿಂದೆಯೇ ಬಂದಳು. ಮುಖದ ತುಂಬ ನಗು ತುಂಬಿಕೊಂಡಿದ್ದ ಸೊಣ್ಣಪ್ಪ ಹಿಂದಿರುಗಿ ನೋಡುತ್ತಲೇ ಮನೆಯ ಮುಂದಕ್ಕೆ ಬಂದ.

ವರಾಂಡದ ಮೆಟ್ಟಿಲ ಮೇಲೆ ಮುನಿಕೆಂಪಮ್ಮ ನಿಂತಿದ್ದಳು. ಪಕ್ಕದಲ್ಲಿ ಕೃಷ್ಣಯ್ಯ.

“ನೀನು ಒಳಗೆ ಹೋಗಿದ್ದೇ ತಡ ಕಣಮ್ಮ, ಹಿತ್ತಲಿಗೆ ಓಡಿದ,” ಎಂದರು ಅವರು.

ಮುನಿಕೆಂಪಮ್ಮ ಗಂಡನ ನಗುವನ್ನು ನೋಡಿದಳು. ಅವನ ಹಿಂದೆ ನಿಂತಿದ್ದವಳನ್ನೂ ನೋಡಿದಳು.

“ಯಾಕೆ ನಗ್ತಿದೀರಿ?”

“ಏನಿಲ್ಲ ಕಣೇ.”

“ಅಲ್ಲೇನ್ ಮಾಡ್ತಿದ್ರಿ?”

“ಏನೂ ಇಲ್ಲ. ಸುಮ್ನೆ.”

ವರ್ಷದಿಂದ ಒಂದು ಪ್ರಶ್ನೆಗೆ ನೂರು ಮಾತು ಹೇಳುತ್ತಿದ್ದವನು ಇಂದು ಎರಡು ಮಾತಿಗೆ ನಿಲ್ಲಿಸಿದ. ಅವಳು ಇನ್ನೇನೂ ಕೇಳಲಿಲ್ಲ. ಕೇಳದೇ ಇದ್ದದ್ದನ್ನು ಕಂಡು ಸೊಣ್ಣಪ್ಪನ ನಗು ಆರಿಹೋಯಿತು.

ಮುನಿಕೆಂಪಮ್ಮ ಸೆರಗು ಬಿಗಿದುಕೊಂಡು ತಿರುಗಿದವಳೇ, ಯಾರೂ ಕರೆಯದಿದ್ದರೂ ಡಾಕ್ಟರ ಬಾಗಿಲು ತಳ್ಳಿದಳು.

“ಡಾಕ್ಟ್ರೇ, ಆಗ್ಲೇ ನಾನಂದಿದ್ದೆಲ್ಲಾ ಸುಳ್ಳಾಗೋಯ್ತು. ಈಗ ಗುಮಾನಿ ನಿಜ್ವಾಗ್ಲೂ ಬಂದೈತೆ. ಮದ್ದು ಕೊಡಿ!”